ರಾಹುಕಾಲಕ್ಕೆ ಮುಂಚೆ ಗೇಟು ದಾಟಿದ ಟ್ರೇಲರ್

ಈಗ ಶುಕ್ರವಾರ ಬೆಳಿಗ್ಗೆ ಕಾಫಿಯನ್ನು ಬಿಸಿಯಾಗಿರುವಾಗಲೇ ಕುಡಿಯುತ್ತೇನೆ. ಇದೇನು ಮಹಾ ಎನ್ನಬೇಡಿ. ಕೆಲಸದಲ್ಲಿದ್ದಷ್ಟು ಕಾಲ ಶುಕ್ರವಾರದ ಕಾಫಿ ಯಾವುದೋ ಟ್ರೇಲರಿನ ಮೆಟ್ಟಿಲ ಮೇಲೆ ಆರಿ, ಕೆನೆ ಕಟ್ಟಿ, ಕೊನೆಗೆ ಹುಲ್ಲಿನ ಪಾಲಾಗುತ್ತಿತ್ತು. ಕ್ಯಾಂಪಿಂಗಿಗೆ ಹೋಗುವವರೆಲ್ಲ ಶುಕ್ರವಾರವೇ ಹೊರಡುತ್ತಾರೆ. ಅವರನ್ನು ಹೊರಡಿಸುವುದು ನನ್ನ ಕೆಲಸ. ಅವರು ‘ತಲುಪಿದ್ವಿ’ ಎಂದು ಫೋನ್ ಮಾಡುವ ತನಕ ನಾನು ಫೋನನ್ನು ಕೈಯಿಂದ ಕೆಳಗಿಡುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಆ ಕಾಯುವಿಕೆ ಇಲ್ಲ. ನಿಜ ಹೇಳುತ್ತೇನೆ, ಬಹಳ ಸುಖವಾಗಿದೆ.

ಅಮೆರಿಕದ ವರ್ಜೀನಿಯಾದಲ್ಲಿ, ಆಲ್ಡಿ ಹತ್ತಿರ ಡೇಲ್ ಎಂಬುವವನದೊಂದು ಟ್ರೇಲರ್ ಯಾರ್ಡ್. ಟ್ರೇಲರ್ ಎಂದರೆ ಕಾರಿನ ಹಿಂದೆ ಕಟ್ಟಿಕೊಂಡು ಎಳೆದೊಯ್ಯುವ ಮನೆ. ಒಲೆ, ಮಂಚ, ಬಾತ್‌ರೂಮು, ನೀರಿನ ಟ್ಯಾಂಕು ಎಲ್ಲ ಒಳಗೇ. 2020ರಲ್ಲಿ ಕೋವಿಡ್ ಬಂದು ವಿಮಾನ, ಹೋಟೆಲು ಎಂದರೆ ಜನ ಹೆದರುವಂತಾದಾಗ ಪಕ್ಕದ ಆಶ್‌ಬರ್ನಿನ ನಮ್ಮ ಸಾಫ್ಟ್‌ವೇರ್ ಮಂದಿಗೆ ಇದ್ದಕ್ಕಿದ್ದಂತೆ ಕಾಡಿನ ಮೇಲೆ ಪ್ರೀತಿ ಉಕ್ಕಿತು. ಡೇಲನ ಗೇಟಿನ ಮುಂದೆ ಕಾರುಗಳು ಸಾಲುಗಟ್ಟಿದವು. ನಾನು ಆಗ ಕೆಲಸಕ್ಕಿದ್ದ ಹಲ್ಲಿನ ಡಾಕ್ಟರ ಆಫೀಸು ಬಾಗಿಲು ಹಾಕಿತ್ತು. ಇಲ್ಲಿ ಫೋನ್ ಎತ್ತುವುದಕ್ಕೆ ಯಾರೋ ಬೇಕು ಎಂದರು, ಹೋದೆ. ಫೋನ್ ಎತ್ತಲು ಹೋದವಳು ತಿಂಗಳು ತುಂಬುವುದರೊಳಗೆ ಟ್ರೇಲರಿನ ಕೆಳಗೆ ಅಂಗಾತ ಮಲಗಿ ಗ್ರೀಸ್ ತುಂಬುತ್ತಿದ್ದೆ. ತಿಪಟೂರಿನಲ್ಲಿ ನಮ್ಮಪ್ಪನದೊಂದು ಲಾರಿ ಇತ್ತು. ಗ್ರೀಸಿನ ವಾಸನೆ ನನಗೆ ತವರಿನ ವಾಸನೆಯೇ.

ಡೇಲ್ ಸೌತ್ ಕ್ಯಾರೊಲಿನಾದ ಕರಾವಳಿಯವನು. ಮಾತು ನಿಧಾನ, ಸಿಟ್ಟು ಬೇಗ. ಅವನ ಇಂಗ್ಲಿಷನ್ನು ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಬೈಗುಳ ಬಿಟ್ಟು. ಮೊದಲ ವಾರ ಒಂದು ಟೈರನ್ನು ತೋರಿಸಿ, “ಹೇಗಿದೆ?” ಎಂದ. ಮೈಮೇಲಿನ ಗೀರುಗಳೆಲ್ಲ ಆಳವಾಗಿದ್ದವು, ಕಪ್ಪಗೆ ಮಿರಮಿರ ಮಿಂಚುತ್ತಿತ್ತು. “ಹೊಸದರ ಹಾಗಿದೆ” ಎಂದೆ. ಅವನು ಟೈರಿನ ಪಕ್ಕೆಯಲ್ಲಿ ಒತ್ತಿದ್ದ ಅಂಕಿಗಳನ್ನು ತೋರಿಸಿದ. ಅದು ಹುಟ್ಟಿದ ವಾರ, ವರ್ಷ ಎರಡೂ ಅಲ್ಲಿತ್ತು. ಟ್ರೇಲರಿನ ಟೈರು ಓಡಿ ಸವೆಯುವುದಕ್ಕಿಂತ ನಿಂತಲ್ಲೇ ಮುದಿಯಾಗುವುದು ಹೆಚ್ಚು. ಹೊರಗೆ ಚಂದ, ಒಳಗೆ ಬಿರುಕು. ಅಂದಿನಿಂದ ನಾನು ಬಂದವರಿಗೆಲ್ಲ ಹೇಳುತ್ತಿದ್ದೆ: ಮದುವೆಗೆ ಜಾತಕ ನೋಡುತ್ತೀರೋ ಬಿಡುತ್ತೀರೋ, ಟೈರಿನ ಜಾತಕ ಮಾತ್ರ ನೋಡಿ.

ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನೀರಿನ ಪಂಪು, ಗ್ಯಾಸು, ಬೇರಿಂಗು ಎಲ್ಲ ವಿಡಿಯೋದಲ್ಲಿ ಕಲಿಸುತ್ತಾರೆ. ಚೆನ್ನಾಗಿಯೇ ಕಲಿಸುತ್ತಾರೆ. ಆದರೆ ಆ ವಿಡಿಯೋ ಮಾಡಿದವರಿಗೆ ನಮ್ಮ ಜನ ಗೊತ್ತಿಲ್ಲ.

ಒಂದು ಭಾನುವಾರ ನಾರ್ತ್ ಕ್ಯಾರೊಲಿನಾದ ಕ್ಯಾಂಪ್‌ಗ್ರೌಂಡಿನಿಂದ ಫೋನ್ ಬಂತು. ಆಶ್‌ಬರ್ನಿನ ಹುಡುಗ, ಡೇಟಾ ಸೆಂಟರಿನಲ್ಲಿ ಕೆಲಸ. ಕೆಲವು ಟ್ರೇಲರುಗಳಲ್ಲಿ ಒಂದು ಪಕ್ಕದ ಗೋಡೆ, ಸೋಫಾ ಸಮೇತ, ಬಟನ್ ಒತ್ತಿದರೆ ಹೊರಕ್ಕೆ ಜರುಗಿ ಒಳಗೆ ಜಾಗ ಮಾಡಿಕೊಡುತ್ತದೆ. ಹೊರಡುವಾಗ ಅದನ್ನು ಒಳಗೆ ಎಳೆದುಕೊಳ್ಳಬೇಕು.

“ಮೇಡಂ, ಸ್ಲೈಡ್ ಒಳಗೆ ಹೋಗ್ತಾನೇ ಇಲ್ಲ. ಚೆಕ್‌ಔಟ್ ಟೈಮ್ ಆಯ್ತು, ನೆಕ್ಸ್ಟ್ ಪಾರ್ಟಿ ಬಂದು ಹಿಂದೇನೇ ವೇಟ್ ಮಾಡ್ತಿದಾರೆ.”

“ಮೋಟರ್ ಸೌಂಡ್ ಬರ್ತಿದ್ಯಾ?”

“ಬರ್ತಿದೆ.”

“ಹಾಗಾದ್ರೆ ಕೆಳಗೆ ಹಳಿ ಇದ್ಯಲ್ಲ, ಅದರ ಮೇಲೆ ಏನಾದ್ರೂ ಬಿದ್ದಿದ್ಯಾ ನೋಡಿ.”

ಆ ಕಡೆ ಏನೋ ಸರಿಸಿದ ಸದ್ದು. ಆಮೇಲೆ ಹಿಂದಿನಿಂದ ಹೆಂಡತಿಯ ದನಿ: “ಹೇಳ್ರೀ, ಹಿಟ್ಟು ಅಂತ ಹೇಳ್ರೀ!”

ದೋಸೆ ಹಿಟ್ಟು. ಪಾತ್ರೆಯ ಬಾಯಿವರೆಗೆ ತುಂಬಿ ಸೋಫಾ ಪಕ್ಕ ಇಟ್ಟಿದ್ದರು. ದಾರಿಯ ಕುಲುಕಾಟ, ಒಳಗಿನ ಸೆಕೆ. ಹಿಟ್ಟು ಮನೆಯಲ್ಲಿ ಎಂದೂ ಹುದುಗದಷ್ಟು ಚೆನ್ನಾಗಿ ಹುದುಗಿ, ಉಕ್ಕಿ, ಹಳಿಯುದ್ದಕ್ಕೂ ಹರಿದು ಸಿಮೆಂಟಿನಂತೆ ಗಟ್ಟಿಯಾಗಿತ್ತು. “ಬಿಸಿನೀರು ಹಾಕಿ ನೆನೆಸಿ. ಹಳೇ ಟೂತ್‌ಬ್ರಶ್ ತಗೊಳ್ಳಿ. ದೋಸೆ ಮಗುಚೋ ಕೈ ಇದ್ಯಲ್ಲ, ಪ್ಲಾಸ್ಟಿಕ್‌ದು, ಅದರಲ್ಲೇ ಕೆರೀರಿ” ಎಂದೆ. ಕಾಯುತ್ತಿದ್ದ ಪಾರ್ಟಿಯವರೂ ಕೈ ಹಾಕಿದರಂತೆ. ಉಳಿದ ಹಿಟ್ಟಿನಲ್ಲಿ ಅವರಿಗೂ ದೋಸೆ ಹೊಯ್ದು ಕೊಟ್ಟು ಬಂದರಂತೆ. ಅಂದಿನಿಂದ ನನ್ನದೊಂದು ನಿಯಮ: ಹಿಟ್ಟು ಪ್ರಯಾಣ ಮಾಡುವುದು ಸಿಂಕಿನೊಳಗೆ ಕೂತು, ಪಾತ್ರೆ ಅರ್ಧ ಖಾಲಿ. ಒಗ್ಗರಣೆ ಯಾವಾಗಲೂ ಹೊರಗಿನ ಒಲೆಯಲ್ಲಿ. ಹೊಗೆ ಅಲಾರಂ ಕೂಗುತ್ತದೆಂದು ಅದಕ್ಕೆ ಸ್ನಾನದ ಟೋಪಿ ಹಾಕಿದವರನ್ನು ನಾನು ಬೈದು ಕಳಿಸಿದ್ದೇನೆ.

ಚಳಿಗಾಲ ಮುಗಿದ ಮೇಲಿನ ಮೊದಲ ಫೋನುಗಳೂ ಹೀಗೇ. ಪೈಪು ಹೆಪ್ಪುಗಟ್ಟಿ ಒಡೆಯದಿರಲಿ ಎಂದು ಚಳಿಗಾಲಕ್ಕೆ ಅದರೊಳಗೆ ಒಂದು ಗುಲಾಬಿ ಬಣ್ಣದ ದ್ರಾವಣ ತುಂಬಿಸುತ್ತೇವೆ. ವಸಂತದಲ್ಲಿ ತೊಳೆದು ಹೊರಹಾಕಬೇಕು. ಸ್ವಂತ ಟ್ರೇಲರ್ ಕೊಂಡಿದ್ದ ಒಬ್ಬರು ತೊಳೆಯುವುದನ್ನು ಮರೆತಿದ್ದರು. ಅವರ ಅತ್ತೆ ಗಾಬರಿಯಿಂದ ಫೋನ್ ಕಸಿದುಕೊಂಡು, “ಏನಮ್ಮಾ ಇದು, ನಲ್ಲೀಲಿ ಓಕುಳಿ ಬರ್ತಿದೆ!” ಎಂದರು. ನಾನು ನಕ್ಕಿದ್ದು ಅವರಿಗೆ ಕೇಳಿಸಿತು. ಒಂದು ವರ್ಷ ಆ ಅತ್ತೆ ನನ್ನ ಜೊತೆ ಮಾತಾಡಲಿಲ್ಲ.

ಆದರೆ ಎಲ್ಲಕ್ಕಿಂತ ದೊಡ್ಡ ತಲೆನೋವು ರಾಹುಕಾಲ. ಶುಕ್ರವಾರ ಅದು ಹತ್ತೂವರೆಗೆ ಶುರು. ನಮ್ಮ ಗೇಟು ಗಿರಾಕಿಗಳಿಗೆ ತೆರೆಯುವುದು ಹತ್ತಕ್ಕೆ. ಅರ್ಧ ಗಂಟೆಯಲ್ಲಿ ಕೊಕ್ಕೆ ಸಿಕ್ಕಿಸಬೇಕು, ಸರಪಳಿ ಹಾಕಬೇಕು, ದೀಪ, ಬ್ರೇಕು, ಗಾಳಿ ನೋಡಬೇಕು. ಬೇಗ ತೆರೆ ಎಂದರೆ ಡೇಲ್ ಒಪ್ಪುವವನಲ್ಲ. ಹತ್ತರವರೆಗೆ ಅವನ ಸ್ವಂತ ತಪಾಸಣೆ. ಒಂದು ಸಲ ಒಂದು ಸಂಸಾರ ಮೆಟ್ಟಿಲು ಮಡಚದೆ ಹೊರಟೇಬಿಟ್ಟಿತು. ನಾನು ಕೂಗುತ್ತಾ ಹಿಂದೆ ಓಡಿದೆ. ಹೊರಟವರನ್ನು ಹಿಂದಿನಿಂದ ಕರೆಯಬಾರದಲ್ಲ, ಹಿಂದಿನ ಸೀಟಿನ ಅಜ್ಜಿ ನನ್ನ ಮುಖ ನೋಡಿಯೇ ಗಾಜು ಏರಿಸಿಕೊಂಡರು. ಮೆಟ್ಟಿಲು ಗೇಟಿನ ಕಂಬಕ್ಕೆ ಬಡಿದು ಹಪ್ಪಳವಾಯಿತು.

“ನಿಮ್ಮ ಜನರನ್ನು ಯಾರು ಅಟ್ಟಿಸಿಕೊಂಡು ಬರುತ್ತಾರೆ?” ಎಂದು ಡೇಲ್ ಕೂಗಾಡಿದ. ನಾನು ರಾಹುಕಾಲದ ವಿಷಯ ಹೇಳಿದೆ. ನಗುತ್ತಾನೆ ಎಂದುಕೊಂಡೆ. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡು, “ನಮ್ಮಜ್ಜಿ ಜಗಲಿಯ ಚಾವಣಿಗೆ ನೀಲಿ ಬಣ್ಣ ಹೊಡೆಸಿದ್ದಳು. ದೆವ್ವಗಳು ಅದನ್ನು ನೀರು ಅಂದುಕೊಂಡು ದಾಟಿ ಬರುವುದಿಲ್ಲವಂತೆ. ನಾನು ಅದನ್ನೆಲ್ಲ ನಂಬುವುದಿಲ್ಲ” ಎಂದ. ಟೋಪಿಯನ್ನು ಮತ್ತೆ ಹಾಕಿಕೊಂಡು, “ನನ್ನ ಮನೆಯ ಜಗಲಿಯೂ ನೀಲಿಯೇ” ಎಂದ.

ಇನ್ನು ಡಾಕ್ಟರ್ ಅಂಕಲ್ ಮತ್ತು ರುಕ್ಮಿಣಿ ಆಂಟಿಯ ವಿಷಯ. ಇಷ್ಟೆಲ್ಲ ಪೀಠಿಕೆ ಹಾಕಿದ್ದು ಅವರಿಗಾಗಿಯೇ.

ಅಂಕಲ್ ಎಪ್ಪತ್ತು ದಾಟಿದ ಹೃದಯದ ಡಾಕ್ಟರು, ಹರೆಯದಲ್ಲೇ ಮೈಸೂರು ಬಿಟ್ಟು ಬಂದವರು, ನಿವೃತ್ತರಾಗಿ ಆಶ್‌ಬರ್ನಿನಲ್ಲಿದ್ದರು. ಒಬ್ಬಳೇ ಮಗಳು ಸ್ಮಿತಾ, ಅಟ್ಲಾಂಟಾ ಹತ್ತಿರದ ಅಲ್ಫರೆಟಾದಲ್ಲಿ. ಬಹಳ ವರ್ಷ ಕಾದು ಬಸುರಿಯಾದವಳು. ಅಳಿಯ ತನ್ನ ತಂದೆ ತೀರಿಕೊಂಡರೆಂದು ಬೆಂಗಳೂರಿಗೆ ಹೋದವನು, ವೀಸಾ ಆಫೀಸು ಮುಚ್ಚಿ ಅಲ್ಲೇ ಸಿಕ್ಕಿಹಾಕಿಕೊಂಡಿದ್ದ. ದಿನ ತುಂಬಿದ ಹುಡುಗಿ ಮನೆಯಲ್ಲಿ ಒಬ್ಬಳೇ. ಇತ್ತ ಆಂಟಿ ಕ್ಯಾನ್ಸರಿನ ಚಿಕಿತ್ಸೆ ಮುಗಿಸಿ ಈಗಷ್ಟೇ ಎದ್ದು ಕೂತಿದ್ದರು. ವಿಮಾನ ಬೇಡ, ಹೋಟೆಲು ಬೇಡ, ಹೊರಗಿನ ಬಾತ್‌ರೂಮು ಸುತರಾಂ ಬೇಡ ಎಂದು ಅವರ ಡಾಕ್ಟರು ಹೇಳಿದ್ದರು. ಒಂದೇ ದಿನದಲ್ಲಿ ಅಷ್ಟು ದೂರ ಕಾರು ಓಡಿಸುವುದು ಅಂಕಲ್ಲಿಗೆ ಆಗದ ಮಾತು. ಉಳಿದಿದ್ದು ಟ್ರೇಲರ್ ಒಂದೇ. ಹಿಂದೆ ದೋಣಿ ಎಳೆದು ಅಭ್ಯಾಸವಿತ್ತು ಅವರಿಗೆ.

“ಬಾಣಂತನಕ್ಕೆ ಅಂತ ಅಲ್ಲ ವನಜಾ,” ಎಂದಿದ್ದರು ಆಂಟಿ. “ಅದೆಲ್ಲ ಆಮೇಲೆ. ಮಗು ಬರೋ ಹೊತ್ತಿಗೆ ನಾನು ಅಲ್ಲಿರ್ಬೇಕು. ಅಷ್ಟು ದಿನ ಆ ಆಸ್ಪತ್ರೇಲಿ ಗೋಡೆ ನೋಡ್ಕೊಂಡು ಮಲಗಿದ್ದಾಗ ಅದೊಂದೇ ಕೇಳ್ಕೊಂಡಿದ್ದು.”

ನಾನು ಆ ಟ್ರೇಲರನ್ನು ಸಿದ್ಧ ಮಾಡಿದಷ್ಟು ಬೇರೆ ಯಾವುದನ್ನೂ ಮಾಡಿಲ್ಲ. ಟೈರು ಹೊಸದು, ಬೇರಿಂಗಿಗೆ ಗ್ರೀಸು, ಟ್ಯಾಂಕಿಗೆ ಬ್ಲೀಚು ಹಾಕಿ ಮೂರು ಸಲ ತೊಳೆತ. ಹಾಸಿಗೆಗೆ ನಮ್ಮ ಮನೆಯದೇ ಒಗೆದ ಹೊದಿಕೆ. ಅವರ ಕಾಲೋನಿಯಲ್ಲಿ ಟ್ರೇಲರ್ ನಿಲ್ಲಿಸಲು ಬಿಡುವುದಿಲ್ಲವಾದ್ದರಿಂದ ಗುರುವಾರ ಸಂಜೆ ಯಾರ್ಡಿಗೇ ಬಂದು ಸಾಮಾನು ತುಂಬಿದರು. ಆಂಟಿ ತಲೆಗೆ ಸ್ಕಾರ್ಫು ಕಟ್ಟಿ, ಎರಡೆರಡು ಮಾಸ್ಕು ಹಾಕಿಕೊಂಡು ಟ್ರೇಲರಿಗೆ ಪೂಜೆ ಮಾಡಿದರು. ಅರಿಶಿನ, ಕುಂಕುಮ, ಅಕ್ಷತೆ, ಚಕ್ರದ ಮುಂದೆ ನಿಂಬೆಹಣ್ಣು. ಡೇಲ್ ಟೋಪಿ ತೆಗೆದು ದೂರ ನಿಂತಿದ್ದ.

ಬೆಳಿಗ್ಗೆ ಬಂದರು, ಕೊಕ್ಕೆ ಸಿಕ್ಕಿಸಿದೆವು, ನಿಂಬೆಹಣ್ಣು ಇನ್ನೂ ಚಕ್ರದ ಮುಂದೆಯೇ ಇತ್ತು. ಟ್ರೇಲರಿನ ತಂತಿಯ ತುದಿಯಲ್ಲಿ ಒಂದು ದಪ್ಪ ಪ್ಲಗ್ ಇರುತ್ತದೆ. ಅದನ್ನು ಕಾರಿಗೆ ಸಿಕ್ಕಿಸಿದರೆ ದೀಪವೂ ಬ್ರೇಕೂ ಕಾರಿನ ಮಾತು ಕೇಳುತ್ತವೆ. ದೀಪ ಉರಿಯಿತು. ಬ್ರೇಕು ಹಿಡಿಯಲಿಲ್ಲ. ತೆಗೆದು ಹಾಕಿದೆ. ಇಲ್ಲ. ಕಾರಿನೊಳಗಿನ ಸಣ್ಣ ಪರದೆ, ಟ್ರೇಲರೇ ಇಲ್ಲ ಎನ್ನುತ್ತಿತ್ತು.

ಆಂಟಿ ಗಡಿಯಾರ ನೋಡಿದರು. “ವನಜಾ, ಇನ್ನು ಹತ್ತು ನಿಮಿಷ ಅಷ್ಟೇ ಇರೋದು.”

“ಆಂಟಿ, ಬ್ರೇಕ್ ವರ್ಕ್ ಆಗ್ತಿಲ್ಲ. ಸ್ವಲ್ಪ ಟೈಮ್ ಬೇಕು.”

“ಕಾರಿನ ಬ್ರೇಕ್ ಇದ್ಯಲ್ಲಮ್ಮ,” ಎಂದರು ಅಂಕಲ್. “ನಾನು ಸ್ಲೋ ಆಗಿ ಡ್ರೈವ್ ಮಾಡ್ತೀನಿ. ಇವಳನ್ನ ಟೆನ್ಷನ್ ಮಾಡಿಸ್ಬೇಡ.”

ಜೀವಮಾನವೆಲ್ಲ ಮಂದಿಗೆ ‘ರಿಪೋರ್ಟ್ ನೋಡದೆ ಏನೂ ಹೇಳಲ್ಲ’ ಎನ್ನುತ್ತಿದ್ದ ಮನುಷ್ಯ! ನನಗೆ ರೇಗಿತು. “ಅಂಕಲ್, ಹಿಂದೆ ಒಂದು ಮನೇನೇ ಇದೆ. ಇಳಿಜಾರಲ್ಲಿ ಅದು ನಿಮ್ಮನ್ನ ತಳ್ಕೊಂಡು ಹೋಗುತ್ತೆ. ನಾನು ಬಿಡಲ್ಲ” ಎಂದು ಕಾರಿನ ಮುಂದೆ ನಿಂತೆ.

“ಹಾಗಾದ್ರೆ ಮಧ್ಯಾಹ್ನ ಹೋದ್ರಾಯ್ತು” ಎಂದು ಅಂಕಲ್ ಕೆಳಗಿಳಿದರು. ಮಧ್ಯಾಹ್ನ ಹೊರಟರೆ ದಾರಿಯಲ್ಲಿ ರಾತ್ರಿ ತಂಗುವ ಕ್ಯಾಂಪ್‌ಗ್ರೌಂಡು ಸೇರುವಷ್ಟರಲ್ಲಿ ಕತ್ತಲು. ಕತ್ತಲಲ್ಲಿ ಟ್ರೇಲರ್ ಎಳೆಯುವ ಕಣ್ಣು ಅವರದಲ್ಲ. ಅಂದರೆ ನಾಳೆ. ನಾಳೆ ಎಂದರೆ ಮಗಳು ಇನ್ನೊಂದು ದಿನ ಒಬ್ಬಳೇ. ಇದು ಮೂವರಿಗೂ ಗೊತ್ತಿತ್ತು. ಆಂಟಿ ನನ್ನ ಕಡೆ ನೋಡಿದ ನೋಟ ಈಗಲೂ ಮರೆತಿಲ್ಲ. “ನಾನು ಮೂಢನಂಬಿಕೆಯೋಳು ಅಂತ ಅಂದ್ಕೋ ಪರವಾಗಿಲ್ಲ. ಇದೊಂದು ಪ್ರಯಾಣ ಮಾತ್ರ ಕೆಟ್ಟ ಘಳಿಗೇಲಿ ಹೊರಡೋಕೆ ನನಗೆ ಧೈರ್ಯ ಇಲ್ಲಮ್ಮ” ಎಂದರು. ಆಂಟಿ ಅಳಲಿಲ್ಲ. ಅತ್ತಿದ್ದರೆ ಸುಲಭವಾಗುತ್ತಿತ್ತು.

ಡೇಲನಿಗೆ ಕನ್ನಡ ಬಾರದು, ಗಡಿಯಾರ ನೋಡುವುದು ಮಾತ್ರ ಅರ್ಥವಾಗಿತ್ತು. “ಮತ್ತೆ ಆ ಹತ್ತೂವರೆಯೋ?” ಎಂದ. ಹೌದೆಂದೆ. ಅವನು ನಿಂಬೆಹಣ್ಣಿನ ಕಡೆ ನೋಡಿ, ಅಂಕಲ್ ಕೈಯಿಂದ ಕೀ ಇಸಿದುಕೊಂಡ. ಇಬ್ಬರನ್ನೂ ಹಿಂದೆ ಕೂರಿಸಿದ, ಕಿಟಕಿಗಳನ್ನೆಲ್ಲ ಇಳಿಸಿದ. ನಾನು ನಡೆದು ಬರುವಷ್ಟು ನಿಧಾನಕ್ಕೆ, ನಿಂಬೆಹಣ್ಣು ಪಟ್ ಎನ್ನಿಸಿ, ಗೇಟು ದಾಟಿ, ರಸ್ತೆಯಾಚೆಯ ಗಿಡಗಳ ನರ್ಸರಿಯ ಜಲ್ಲಿ ಅಂಗಳದಲ್ಲಿ ತಂದು ನಿಲ್ಲಿಸಿದ. “ಆಯಿತು. ನೀವು ಹೊರಟಿರಿ. ಇನ್ನು ಆ ಹಾಳು ಪ್ಲಗ್ಗನ್ನು ನೋಡೋಣ.”

ಆಂಟಿ ಮಾಸ್ಕಿನೊಳಗೇ ನಗಲು ಶುರುಮಾಡಿದರು. “ರೀ, ಇದು ಪ್ರಸ್ಥಾನ! ನಮ್ಮಜ್ಜಿ ಇಡ್ತಿದ್ರಲ್ಲ!” ಒಳ್ಳೆಯ ಘಳಿಗೆಯಲ್ಲಿ ಒಂದು ಚೀಲವನ್ನು ಪಕ್ಕದ ಮನೆಗೆ ಸಾಗಿಸಿಬಿಡುವುದು; ಹೊರಟ ಲೆಕ್ಕ. ಆಮೇಲೆ ಅನುಕೂಲವಾದಾಗ ಊರು ಬಿಡುವುದು. ಹಳೆಯ ಕಾಲದವರೆಲ್ಲ ಮಾಡುತ್ತಿದ್ದರು. ಅಜ್ಜಿ ಇಟ್ಟಿದ್ದು ಒಂದು ಕೈಚೀಲ, ಡೇಲ್ ಇಟ್ಟಿದ್ದು ಇಡೀ ಮನೆ.

ಈಗ ಅವಸರವಿರಲಿಲ್ಲ. ಪ್ಲಗ್ ಕಳಚಿ ಬೆಳಕಿಗೆ ಹಿಡಿದೆ. ಅದರ ಮೂತಿಗೆಲ್ಲ ಅರಿಶಿನ ಕುಂಕುಮ, ಇಬ್ಬನಿಗೆ ನೆಂದು ಕೆಸರಾಗಿತ್ತು. ಬ್ರೇಕಿನ ಸೀಳಿನೊಳಗೆ ಏನೋ ಹಳದಿಯದು ಹೂತುಕೊಂಡಿತ್ತು. ಸ್ಕ್ರೂಡ್ರೈವರ್ ಹೋಗದಷ್ಟು ಕಿರಿದು. ಆಂಟಿ ಬಳೆಗೆ ಸಿಕ್ಕಿಸಿದ್ದ ಸೇಫ್ಟಿ ಪಿನ್ನು ಬಿಚ್ಚಿ ಕೊಟ್ಟರು. ಕೆದಕಿದೆ, ಅಂಗೈಗೆ ಬಿತ್ತು. ಅಕ್ಷತೆಯ ಒಂದು ಕಾಳು.

ಆಂಟಿಯ ಮುಖ ಸಣ್ಣದಾಯಿತು. “ಕಾರೂ ಟ್ರೇಲರೂ ಸೇರೋ ಜಾಗ ಅಂತ ನಾನೇ ಅಲ್ಲಿಗೆ ಜಾಸ್ತಿ ಹಾಕಿದ್ದು. ನನ್ನ ಕೈಯಾರೆ ಬ್ರೇಕ್ ಕೆಡಿಸಿದ್ನಲ್ಲೇ!”

“ಆಂಟಿ, ಕೆಟ್ಟಿದ್ದು ಯಾರ್ಡಲ್ಲಿ ಗೊತ್ತಾಯ್ತಲ್ಲ, ಹೈವೇಲಿ ಅಲ್ಲ. ಬಿಡಿ ಈಗ” ಎಂದೆ. ಒರೆಸಿ, ಸ್ಪ್ರೇ ಹೊಡೆದು, ಒಣಗಿಸಿ ಸಿಕ್ಕಿಸಿದೆ. ಅಂಕಲ್ ಕಾರಿನೊಳಗೆ ಕೂತು ಟ್ರೇಲರ್ ಬ್ರೇಕಿನ ಲಿವರ್ ಒತ್ತಿದರು. ಚಕ್ರದ ಪಕ್ಕ ಕಿವಿಗೊಟ್ಟು ನಿಂತಿದ್ದ ಆಂಟಿ, “ಟಕ್ ಅಂತು! ಹಿಡಿದಿದೆ!” ಎಂದು ಕೂಗಿದರು. ಮುಂದೆ ಹೋಗಿ ನಿಲ್ಲಿಸಿ, ಮತ್ತೆ ಹೋಗಿ ನಿಲ್ಲಿಸಿ, ಅಂಗಳದಲ್ಲೇ ಸುತ್ತು ಹಾಕಿಸಿದೆ. ನರ್ಸರಿಯವರು ಹೂಕುಂಡಗಳನ್ನು ಬದಿಗಿಟ್ಟು ಜಾಗ ಬಿಟ್ಟರು. ರಾಹುಕಾಲದ ನಟ್ಟನಡುವೆ ಅವರು ನಿಶ್ಚಿಂತೆಯಿಂದ ಊರು ಬಿಟ್ಟರು.

ಶುಕ್ರವಾರ ಸಂಜೆ ನಾರ್ತ್ ಕ್ಯಾರೊಲಿನಾದಿಂದ ಫೋನ್ ಬಂತು. ಮೊಸರನ್ನ ತಿಂದೆವು, ಹೀಟರ್ ಚೆನ್ನಾಗಿದೆ, ಬ್ರೇಕು ಬೆಣ್ಣೆಯ ಹಾಗಿದೆ ಎಂದರು. ಶನಿವಾರ ಸಂಜೆ ಅಲ್ಫರೆಟಾ ತಲುಪಬೇಕಿತ್ತು. ಫೋನ್ ಬರಲಿಲ್ಲ. ನಾನು ಮಾಡಿದರೆ ಇಬ್ಬರೂ ಎತ್ತಲಿಲ್ಲ. ನನ್ನ ಗಂಡ, “ಸುಸ್ತಾಗಿ ಮಲಗಿರ್ತಾರೆ” ಎಂದರು. ನಾನು ಊಟ ಬಿಟ್ಟೆ. ಇನ್ನೊಂದು ಕಾಳು ಒಳಗೇ ಉಳಿದಿತ್ತೇ? ಸರಪಳಿಯ ಕೊಂಡಿ? ಹೊಸ ಟೈರಿನ ನಟ್ಟು? ಮಾಡಿದ ಕೆಲಸವನ್ನೆಲ್ಲ ಮನಸ್ಸಿನಲ್ಲೇ ಮತ್ತೊಮ್ಮೆ ಬಿಚ್ಚಿ ಕಟ್ಟಿದೆ. ಮಾರನೆಯ ಬೆಳಿಗ್ಗೆ ಡೇಲ್ ತಾನೇ ಫೋನ್ ಮಾಡಿ, “ಅವರು ತಲುಪಿದರಾ?” ಎಂದು ಕೇಳಿದಾಗ ನನಗೆ ಇನ್ನೂ ಭಯವಾಯಿತು. ಅವನು ಭಾನುವಾರ ಯಾರಿಗೂ ಫೋನ್ ಮಾಡುವವನಲ್ಲ.

ಮಧ್ಯಾಹ್ನದ ಹೊತ್ತಿಗೆ ಆಂಟಿಯ ಫೋನು. “ತಲುಪಿದ್ವಿ ಕಣಮ್ಮ” ಎಂದರು.

ಅಂಕಲ್ ಟ್ರೇಲರನ್ನು ಮಗಳ ಮನೆ ಮುಂದೆ ಹಿಂದೆ ಮುಂದೆ ಮಾಡಿ ನಿಲ್ಲಿಸುತ್ತಿದ್ದಾಗಲೇ ಸ್ಮಿತಾ ಬಾಗಿಲಲ್ಲಿ ಹೊಟ್ಟೆ ಹಿಡಿದುಕೊಂಡು ನಿಂತಿದ್ದಳಂತೆ. ಹಾಗೇ ಆಸ್ಪತ್ರೆಗೆ. ಜೊತೆಗೆ ಒಬ್ಬರನ್ನೇ ಬಿಡುವುದು ಎಂದರಂತೆ. ನಿನಗೆ ಇನ್‌ಫೆಕ್ಷನ್ ಆದೀತು, ನಾನು ಹೋಗುತ್ತೇನೆ ಎಂದು ಅಂಕಲ್ ಹಟ ಮಾಡಿದರೆ, “ಇಷ್ಟು ದೂರ ಬಂದಿದ್ದು ಕಾರಲ್ಲಿ ಕೂರೋಕಾ?” ಎಂದು ಆಂಟಿ ಮೂರನೆಯ ಮಾಸ್ಕು ಏರಿಸಿ ಒಳಗೆ ನಡೆದೇಬಿಟ್ಟರಂತೆ. ಹೆಣ್ಣುಮಗು. ತಾಯಿ ಮಗು ಆರಾಮ. ನಾನು ಅಡುಗೆಮನೆಯ ನೆಲದ ಮೇಲೆ ಕೂತು ಜೋರಾಗಿ ಅತ್ತೆ. ಡೇಲನಿಗೆ ಹೇಳಿದಾಗ ಅವನು “ಒಳ್ಳೆಯದು” ಎಂದಷ್ಟೇ ಹೇಳಿ ಫೋನ್ ಇಟ್ಟ. ಸೋಮವಾರ ಬಂದು ನೋಡಿದರೆ ಸ್ಪ್ಯಾನರುಗಳ ಸಾಲಿನಲ್ಲಿ, ಮೊಳೆಗೆ ಒಂದು ಸೇಫ್ಟಿ ಪಿನ್ನು ನೇತುಹಾಕಿದ್ದ.

ಆಮೇಲೆ ನಮ್ಮ ಯಾರ್ಡಿನ ಪದ್ಧತಿಯೇ ಬದಲಾಯಿತು. ಯಾರಾದರೂ ಗಡಿಯಾರ ನೋಡಲು ಶುರುಮಾಡಿದರೆ ಡೇಲ್ ಟ್ರೇಲರನ್ನು ರಸ್ತೆಯಾಚೆ ಇಡುತ್ತಿದ್ದ. ತಪಾಸಣೆಯೆಲ್ಲ ಅಲ್ಲಿ, ನಿಧಾನವಾಗಿ. ನರ್ಸರಿಯವರಿಗೆ ದೀಪಾವಳಿಗೆ ಮೈಸೂರುಪಾಕು. ಮತ್ತೆ ಯಾರ ಮೆಟ್ಟಿಲೂ ಕಂಬಕ್ಕೆ ಬಡಿಯಲಿಲ್ಲ. ಹೊಸಬರೇ, ನಿಮ್ಮ ಗಿರಾಕಿಯ ನಂಬಿಕೆಯ ಜೊತೆ ಜಗಳಕ್ಕೆ ನಿಲ್ಲಬೇಡಿ. ಬ್ರೇಕಿನ ವಿಷಯದಲ್ಲಿ ಮಾತ್ರ ಒಂದು ಕೂದಲೆಳೆಯಷ್ಟೂ ಬಿಟ್ಟುಕೊಡಬೇಡಿ. ಎರಡಕ್ಕೂ ಜಾಗ ಇರುತ್ತದೆ, ಹುಡುಕಬೇಕು.

ನನ್ನ ಕೊನೆಯ ದಿನವೂ ಶುಕ್ರವಾರವೇ. ನನ್ನ ಊಟದ ಚೀಲ ಹುಡುಕುತ್ತಿದ್ದೆ, ಎಲ್ಲೂ ಇಲ್ಲ. ಡೇಲ್ ರಸ್ತೆಯಾಚೆ ಕೈ ತೋರಿಸಿದ. ಹತ್ತೂವರೆಗೆ ಮುಂಚೆಯೇ ಅದನ್ನು ನರ್ಸರಿಯ ಅಂಗಳದಲ್ಲಿಟ್ಟು ಬಂದಿದ್ದ. “ನೀನು ಆಗಲೇ ಹೊರಟಾಯಿತು. ಇನ್ನು ಅವಸರವಿಲ್ಲ” ಎಂದ.

ಚೀಲ ತರಲು ಹೋದರೆ ಅಲ್ಲಿ ಅಂಕಲ್, ಆಂಟಿ. ಆಂಟಿಯ ಜಡೆ ಮತ್ತೆ ಉದ್ದವಾಗಿತ್ತು. ಅವರ ಕೈ ಹಿಡಿದು ನಾಲ್ಕು ತುಂಬಿದ ಮೊಮ್ಮಗಳು, ರಜಕ್ಕೆ ಅಲ್ಫರೆಟಾದಿಂದ ಬಂದವಳು. “ಈ ಆಂಟಿ ಯಾರು ಗೊತ್ತಾ? ಆ ಟ್ರೇಲರ್ ಆಂಟಿ ಕಣೆ” ಎಂದರು. ಮಗು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮನೆಯಲ್ಲಿ ನೂರು ಸಲ ಕೇಳಿದ್ದನ್ನು ತನ್ನ ಇಂಗ್ಲಿಷ್ ಬೆರೆತ ಕನ್ನಡದಲ್ಲಿ ನನಗೇ ಕಲಿಸುವವಳಂತೆ ಬೆರಳು ಮಡಚುತ್ತಾ ಹೇಳಿತು:

“ಅಜ್ಜಿ ಫಸ್ಟ್ ಬಂದ್ರು. ನಾನು ಸೆಕೆಂಡ್ ಬಂದೆ.”